ಅಲುಗಾಡುವ ಆವೃತ್ತಿಗೆ ಎಷ್ಟು ಜಾಗ ಬೇಕು?



ಈ ದತ್ತಿ ಉಪನ್ಯಾಸ ಕನ್ನಡದಲ್ಲೇ ಇರಬೇಕು, ಪರದೆಯ ಮೇಲೆ ಚಿತ್ರ ತೋರಿಸಬಾರದು ಎಂಬುದು ದತ್ತಿಯ ಕರಾರಂತೆ. ಹಲಗೆಯಾದರೂ ಸಿಕ್ಕೀತೇ ಎಂದು ಕೇಳಿದೆ. ಒಂದು ಹಲಗೆ, ಎರಡು ತುಂಡು ಸೀಮೆಸುಣ್ಣ ಕೊಟ್ಟಿದ್ದಾರೆ. ನನ್ನ ಕಾಲದ ಮೇಷ್ಟರಿಗೆ ಅಷ್ಟು ಧಾರಾಳ.

ಮೂವತ್ತು ವರ್ಷ ಸಂವಹನ ಎಂಜಿನಿಯರಿಂಗ್ ಪಾಠ ಹೇಳಿದ್ದೇನೆ. ಎಫ್‌ಎಂ ಶುರುವಾದ ಎರಡನೆಯ ದಿನ ಹಿಂದಿನ ಬೆಂಚಿನಿಂದ ತಪ್ಪದೆ ಒಂದು ಪ್ರಶ್ನೆ ಬರುತ್ತಿತ್ತು. ಹುಡುಗರು ಬದಲಾಗುತ್ತಿದ್ದರು, ಪ್ರಶ್ನೆ ಬದಲಾಗುತ್ತಿರಲಿಲ್ಲ. "ಸರ್, ಎಎಂನಲ್ಲಿ ಧ್ವನಿಯ ಆವೃತ್ತಿಯ ಎರಡರಷ್ಟು ಅಗಲ ಬೇಕು ಅಂದ್ರಿ. ಎಫ್‌ಎಂನಲ್ಲಿ ವಾಹಕದ ಆವೃತ್ತಿಯನ್ನ ಆ ಕಡೆ ನೂರು, ಈ ಕಡೆ ನೂರು ಹರ್ಟ್ಸ್ ಮಾತ್ರ ಅಲುಗಾಡಿಸಿದ್ರೆ ಇನ್ನೂರು ಹರ್ಟ್ಸ್ ಜಾಗ ಸಾಕಲ್ವಾ?"

ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನಿನ್ನೆಯ ಪಾಠ ಕೇಳಲಿಲ್ಲವೇ ಎಂದು ಗದರುತ್ತಿದ್ದೆ. 1920ರ ಆಸುಪಾಸಿನಲ್ಲಿ ಬಲ್ಲ ಎಂಜಿನಿಯರುಗಳೇ ಇದೇ ಆಸೆ ಇಟ್ಟುಕೊಂಡಿದ್ದರು ಎಂದು ಆಮೇಲೆ ಓದಿದೆ. ಬಾನಿನಲ್ಲಿ ಕೇಂದ್ರಗಳು ಹೆಚ್ಚುತ್ತಿದ್ದವು, ಜಾಗ ಸಾಲುತ್ತಿರಲಿಲ್ಲ. ಆವೃತ್ತಿಯನ್ನು ಸ್ವಲ್ಪವೇ ಅಲುಗಾಡಿಸಿದರೆ ಕೇಂದ್ರಗಳನ್ನು ಒತ್ತೊತ್ತಾಗಿ ಕೂರಿಸಬಹುದಲ್ಲ ಎಂಬ ಲೆಕ್ಕ ಅವರದು. ಆ ಪ್ರಶ್ನೆ ಯಾಕೆ ತಪ್ಪು, ಮತ್ತು ತಪ್ಪೆಂದು ತೋರಿಸಿದವರೇ ಮುಂದೆ ಎಲ್ಲಿ ಎಡವಿದರು, ಇವೆರಡೇ ನನ್ನ ಇವತ್ತಿನ ವಿಷಯ.

ಬಿಸಿಲನ್ನು ಪಟ್ಟಕದಲ್ಲಿ ಹಾಯಿಸಿದರೆ ಬಣ್ಣಗಳು ಬಿಡಿಬಿಡಿಯಾಗುತ್ತವೆ. ಅದನ್ನು ರೋಹಿತ ಎನ್ನುತ್ತೇವೆ. ರೇಡಿಯೊ ಸಂಕೇತವನ್ನೂ ಹಾಗೆ ಬಿಡಿಸಬಹುದು. ಆಗ ಸಿಗುವ ಒಂದೊಂದು ಗೆರೆಯೂ ಒಂದು ಶುದ್ಧ ಅಲೆ. ಅದರ ಎತ್ತರ ಬದಲಾಗುವುದಿಲ್ಲ, ಆವೃತ್ತಿ ಬದಲಾಗುವುದಿಲ್ಲ, ಮೊದಲಿಂದ ಕೊನೆಯ ತನಕ ಅದು ಅಲುಗುವುದೇ ಇಲ್ಲ. ಈ 'ಅಲುಗುವುದೇ ಇಲ್ಲ' ಎಂಬ ಮಾತನ್ನು ಗಂಟು ಹಾಕಿಟ್ಟುಕೊಳ್ಳಿ. ಜಗಳವೆಲ್ಲ ಅಲ್ಲೇ ಇದೆ.

ಮೊದಲು ಎಎಂ. ಇಲ್ಲಿ ಧ್ವನಿಗೆ ತಕ್ಕಂತೆ ಏರಿಳಿಯುವುದು ವಾಹಕದ, ಅಂದರೆ ಧ್ವನಿಯನ್ನು ಹೊತ್ತೊಯ್ಯುವ ಅಲೆಯ, ಎತ್ತರ, ಪಾಠಪುಸ್ತಕದ ಮಾತಿನಲ್ಲಿ ಪಾರ. ನಾವು ಕೇಳಿ ಬೆಳೆದ ಬೆಂಗಳೂರು ಆಕಾಶವಾಣಿಯ ಮಧ್ಯಮ ತರಂಗ 612 ಕಿಲೋಹರ್ಟ್ಸ್. ಸ್ಟುಡಿಯೊದಲ್ಲಿ ಯಾರೋ ಒಬ್ಬರು 1 ಕಿಲೋಹರ್ಟ್ಸ್ ಶ್ರುತಿಯಲ್ಲಿ ಸಿಳ್ಳೆ ಹಾಕಿದರು ಎನ್ನಿ. ರೋಹಿತದಲ್ಲಿ ಮೂರು ಗೆರೆ ಏಳುತ್ತವೆ. ನಡುವೆ 612, ಅದರ ಎಡಕ್ಕೆ 611, ಬಲಕ್ಕೆ 613. ಅಕ್ಕಪಕ್ಕದ ಇವು ಸೈಡ್‌ಬ್ಯಾಂಡುಗಳು. ಸಿಳ್ಳೆಯ ಬದಲು ವೀಣೆ ಮೃದಂಗಗಳ ಕಛೇರಿಯೇ ನಡೆದರೂ ಕ್ರಮ ಇದೇ. ಕಛೇರಿಯ ರೋಹಿತವನ್ನು ಇದ್ದ ಹಾಗೇ ಎತ್ತಿ ವಾಹಕದ ಬಲಗಡೆ ಕೂರಿಸಿದ ಹಾಗೆ, ಎಡಗಡೆ ಅದರದೇ ಕನ್ನಡಿ ಬಿಂಬ. ವೀಣೆಯ ಗೆರೆಗಳು ವೀಣೆಗೆ, ಮೃದಂಗದವು ಮೃದಂಗಕ್ಕೆ. ಒಂದರ ತಂಟೆಗೆ ಇನ್ನೊಂದು ಹೋಗುವುದಿಲ್ಲ.

ಈ ಸರಳತೆಗೆ ತೆರುವ ಬೆಲೆ ಮಾತ್ರ ದೊಡ್ಡದು. ಪೂರ್ತಿ ಮಾಡ್ಯುಲೇಷನ್ ಕೊಟ್ಟಾಗಲೂ ಪಕ್ಕದ ಒಂದೊಂದು ಗೆರೆಯ ಎತ್ತರ ವಾಹಕದ ಅರ್ಧ, ಅಂದರೆ ಶಕ್ತಿಯಲ್ಲಿ ಕಾಲು ಭಾಗ. 200 ಕಿಲೋವ್ಯಾಟ್ ವಾಹಕವಿದ್ದರೆ ಎರಡು ಪಕ್ಕಕ್ಕೆ ಐವತ್ತೈವತ್ತು. ಸಿಳ್ಳೆಯ ಸುದ್ದಿ ಇರುವುದು ಆ ನೂರರಲ್ಲಿ, ಅದರಲ್ಲೂ ಎರಡು ಪಕ್ಕ ಹೇಳುವುದು ಒಂದೇ ಮಾತನ್ನು. ವಾರ್ತೆ ಓದುವವರು ಪುಟ ತಿರುವಲು ನಿಂತ ಎರಡು ಕ್ಷಣ ಆ ಇನ್ನೂರು ಕಿಲೋವ್ಯಾಟ್ ಏನನ್ನೂ ಹೊರದೆ ನಾಡೆಲ್ಲ ಸುತ್ತುತ್ತದೆ, ಪ್ರಯಾಣಿಕರಿಲ್ಲದ ರಾತ್ರಿ ಬಸ್ಸಿನ ಹಾಗೆ. ಬಸ್ಸನ್ನು ನಿಲ್ಲಿಸದೆ ಓಡಿಸಿದ್ದಕ್ಕೆ ಕಾರಣವೂ ಇತ್ತು. ವಾಹಕ ಜೊತೆಗಿದ್ದರೆ ಗ್ರಾಹಕ ಯಂತ್ರದಲ್ಲಿ ಒಂದು ಡಯೋಡು ಸಾಕು, ಧ್ವನಿ ಕೈಗೆ ಬರುತ್ತದೆ. ಹಳ್ಳಿಯ ಮನೆಗೆ ಅಗ್ಗದ ಟ್ರಾನ್ಸಿಸ್ಟರ್ ಬಂದದ್ದು ಆ ಖಾಲಿ ಬಸ್ಸಿನ ದಯೆಯಿಂದ.

ಇಲ್ಲೊಂದು ಅಡ್ಡಮಾತು. ಬೆಂಗಳೂರು 612, ಧಾರವಾಡ 765, ಭದ್ರಾವತಿ 675, ಕಲಬುರಗಿ 1107. ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡಿ ನೋಡಿ, 9 ಅಥವಾ 18 ಬರುತ್ತದೆ. ಸಂಖ್ಯಾಶಾಸ್ತ್ರದವರು ಕೈ ಚಾಚುವ ಮೊದಲೇ ಕಾರಣ ಹೇಳಿಬಿಡುತ್ತೇನೆ. ಜಗತ್ತಿನ ನಮ್ಮ ಭಾಗದಲ್ಲಿ ಮಧ್ಯಮ ತರಂಗದ ಕೇಂದ್ರಗಳನ್ನು 531ರಿಂದ 1602ರ ತನಕ 9 ಕಿಲೋಹರ್ಟ್ಸಿಗೆ ಒಂದರಂತೆ ಕೂರಿಸಿದ್ದಾರೆ. ಅವೆಲ್ಲವೂ ಒಂಬತ್ತರ ಮಗ್ಗಿಯೊಳಗಿನ ಸಂಖ್ಯೆಗಳು. ಒಬ್ಬೊಬ್ಬರಿಗೂ ಒಂಬತ್ತೇ ಕಿಲೋಹರ್ಟ್ಸ್, ಅದರಲ್ಲೂ ಎಡಕ್ಕರ್ಧ ಬಲಕ್ಕರ್ಧ. ಹಾಗಾಗಿ ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್ ದಾಟಿದ ಧ್ವನಿಗೆ ನೆಮ್ಮದಿಯ ಜಾಗವಿಲ್ಲ. ತಾಳದ ಝಣತ್ಕಾರ, ತಂಬೂರಿಯ ಮೇಲಿನ ಝೇಂಕಾರ ಹಳೆಯ ರೇಡಿಯೊದಲ್ಲಿ ಮಂಕಾಗಿದ್ದುದಕ್ಕೆ ರೇಡಿಯೊ ಹಳೆಯದೆಂಬುದಷ್ಟೇ ಕಾರಣವಲ್ಲ.

ಈಗ ಎಫ್‌ಎಂ. ವಾಹಕದ ಎತ್ತರವನ್ನು ಮುಟ್ಟುವಂತಿಲ್ಲ. ಧ್ವನಿ ಏರಿದರೆ ಆವೃತ್ತಿ ಹೆಚ್ಚಬೇಕು, ಇಳಿದರೆ ತಗ್ಗಬೇಕು. ಹಿಂದಿನ ಬೆಂಚಿನ ಹುಡುಗ ಹೇಳಿದ್ದು ಈ ಆವೃತ್ತಿಯ ಮಾತು. ಅದು ಆಯಾ ಕ್ಷಣದ ಆವೃತ್ತಿ: ಈಗ ಇಷ್ಟು, ಮುಂದಿನ ಕ್ಷಣ ಇನ್ನಷ್ಟು. ರೋಹಿತದ ಗೆರೆ ಸೂಚಿಸುವ ಆವೃತ್ತಿಯಾದರೋ ಗಂಟು ಹಾಕಿಟ್ಟುಕೊಂಡಿರಲ್ಲ, ಅಲುಗುವುದೇ ಇಲ್ಲ. ಹೆಸರು ಒಂದೇ, ವಸ್ತು ಎರಡು. ಅಲುಗುವುದನ್ನು ಅಲುಗದವುಗಳಿಂದ ಕಟ್ಟಬೇಕಾದರೆ ಎಷ್ಟು ಗೆರೆ ಬೇಕು, ಎಷ್ಟು ದೂರದ ತನಕ ಬೇಕು? ಅಲುಗಾಟದ ಅಳತೆಯನ್ನು ಮಾತ್ರ ನೋಡಿ ಇದನ್ನು ಹೇಳಲಾಗದು.

ಲೆಕ್ಕ ಹಾಕಿ ಉತ್ತರ ಕೊಟ್ಟವರು ಅಮೆರಿಕದ ಜಾನ್ ಕಾರ್ಸನ್, 1922ರ ಪ್ರಬಂಧದಲ್ಲಿ. ಎಎಂನ ಎರಡು ಪಕ್ಕಗಳಲ್ಲಿ ಒಂದನ್ನು ಬಿಟ್ಟುಬಿಡಬಹುದೆಂದು 1915ರಲ್ಲೇ ಕಂಡುಕೊಂಡಿದ್ದವರೂ ಇವರೇ. ಅಗಲದ ವಿಷಯದಲ್ಲಿ ಜಿಪುಣರು ಎನ್ನೋಣ. ಎಷ್ಟೇ ಸಣ್ಣದಾಗಿ ಅಲುಗಾಡಿಸಿದರೂ ಎಫ್‌ಎಂಗೆ ಎಎಂನಷ್ಟಾದರೂ ಅಗಲ ಬೇಕೇ ಬೇಕು, ಕಡಿಮೆಯಲ್ಲಿ ಆಗದು ಎಂದು ಅವರು ತೋರಿಸಿದರು. ನೂರು ಹರ್ಟ್ಸ್ ಅಲುಗಾಡಿಸಿದರೂ ಹತ್ತು ಹರ್ಟ್ಸ್ ಅಲುಗಾಡಿಸಿದರೂ, 1 ಕಿಲೋಹರ್ಟ್ಸ್ ಸಿಳ್ಳೆಯ ಗೆರೆಗಳು ವಾಹಕದಿಂದ 1 ಕಿಲೋಹರ್ಟ್ಸ್ ಆಚೆಗೇ ನಿಲ್ಲುತ್ತವೆ. ಗೆರೆಗಳು ಗಿಡ್ಡವಾದಾವು, ಹತ್ತಿರ ಮಾತ್ರ ಬರವು.

ಇದು ನನ್ನ ಕಣ್ಣಿಗೆ ಬಿದ್ದದ್ದು ಒಂದು ಎಡವಟ್ಟಿನಲ್ಲಿ. ಮೊದಲ ಸಲ ಸ್ಪೆಕ್ಟ್ರಮ್ ಅನಲೈಸರ್ ಮುಂದೆ ಕೂತಿದ್ದೆ. ಅಲುಗಾಟ ತೀರ ಸಣ್ಣದಾಗಿರುವ ಎಫ್‌ಎಂ ಕೊಟ್ಟೆ. ಪರದೆಯ ಮೇಲೆ ಮೂರು ಗೆರೆ ಎದ್ದವು, ಥೇಟು ಎಎಂ. ತಂತಿ ತಪ್ಪು ತೂತಿಗೆ ಹೋಗಿದೆಯೆಂದು ಕಿತ್ತು ಮತ್ತೆ ಚುಚ್ಚಿದೆ. ಮತ್ತದೇ ಮೂರು ಗೆರೆ. ಅರ್ಧ ಗಂಟೆ ತಂತಿಗಳನ್ನು ಬೈದ ಮೇಲೆ ಹೊಳೆಯಿತು: ತಂತಿಯೂ ಸರಿ, ಯಂತ್ರವೂ ಸರಿ. ಆ ಯಂತ್ರ ಗೆರೆಗಳ ಎತ್ತರವನ್ನಷ್ಟೇ ತೋರಿಸುತ್ತದೆ. ಎಎಂ ಮತ್ತು ಸಣ್ಣ ಅಲುಗಾಟದ ಎಫ್‌ಎಂ ನಡುವಿನ ವ್ಯತ್ಯಾಸ ಇರುವುದು ಎತ್ತರದಲ್ಲಲ್ಲ, ಗೆರೆಗಳ ಹೊಂದಾಣಿಕೆಯಲ್ಲಿ. ಎಡಗಡೆಯ ಗೆರೆಯ ಚಿಹ್ನೆಯೊಂದು ತಿರುವುಮುರುವು, ಅಷ್ಟೇ.

ಆ ಒಂದು ಚಿಹ್ನೆ ಏನು ಮಾಡುತ್ತದೆಂದು ಹೇಳಲು ಸೀಮೆಸುಣ್ಣಕ್ಕಿಂತ ಜೋಕಾಲಿ ಮೇಲು. ಪಂಚಮಿ ಹಬ್ಬದಲ್ಲಿ ಮರಕ್ಕೆ ಕಟ್ಟುವ ಜೋಕಾಲಿಯನ್ನೇ ನೆನೆಸಿಕೊಳ್ಳಿ. ವಾಹಕದ ಜೊತೆ ಅದರದೇ ವೇಗದಲ್ಲಿ ತಿರುಗುತ್ತ ನೋಡಿದರೆ ವಾಹಕ ನಿಂತಂತೆ, ಇಳಿಬಿದ್ದ ಹಗ್ಗದಂತೆ ಕಾಣುತ್ತದೆ. ಎಎಂನಲ್ಲಿ ಪಕ್ಕದ ಎರಡು ಗೆರೆಗಳು ಸೇರಿ ಹಗ್ಗದ ನೇರಕ್ಕೇ ಎಳೆಯುತ್ತವೆ. ಹಗ್ಗ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ, ಪಕ್ಕಕ್ಕೆ ಸರಿಯುವುದಿಲ್ಲ. ಎಫ್‌ಎಂನಲ್ಲಿ ಅದೇ ಜೋಡಿ ಅಡ್ಡಕ್ಕೆ ತಳ್ಳುತ್ತದೆ. ಹಗ್ಗ ಅತ್ತಿತ್ತ ತೂಗುತ್ತದೆ.

ತೂಗಾಟ ಸಣ್ಣದಿರುವ ತನಕ ಅಡ್ಡಕ್ಕೆ ತಳ್ಳುವ ಒಂದು ಜೋಡಿ ಸಾಕು. ಜೋರಾಗಿ ಜೀಕಿದಾಗ ತೊಡಕು ಬರುತ್ತದೆ. ಬರೀ ಅಡ್ಡಕ್ಕೆ ತಳ್ಳಿದರೆ ಮಣೆ ನೇರ ಗೆರೆಯಲ್ಲಿ ಹೋಗಬೇಕು, ಆಗ ಹಗ್ಗ ಹಿಗ್ಗಬೇಕಾಗುತ್ತದೆ. ಎಫ್‌ಎಂನಲ್ಲಿ ಹಗ್ಗ ಹಿಗ್ಗಕೂಡದು, ಮಣೆ ಕಮಾನಿನ ಮೇಲೆಯೇ ಸಾಗಬೇಕು. ಹಾಗಾದರೆ ಎರಡೂ ತುದಿಗಳಲ್ಲಿ ಮಣೆಯನ್ನು ಮೇಲಕ್ಕೆ ಎಳೆಯಲು ಯಾರಾದರೂ ಬೇಕು. ಒಂದು ಜೀಕಿಗೆ ಎರಡು ತುದಿ, ಆದ್ದರಿಂದ ಈ ಎಳೆತ ಎರಡರಷ್ಟು ಆವೃತ್ತಿಯಲ್ಲಿ ನಡೆಯುತ್ತದೆ. ರೋಹಿತದಲ್ಲಿ ಎರಡನೆಯ ಜೋಡಿ ಗೆರೆ ಹುಟ್ಟಿತು. ಅದು ಮಾಡಿದ ಎಡವಟ್ಟನ್ನು ತಿದ್ದಲು ಅಡ್ಡಕ್ಕೆ ಮೂರನೆಯ ಜೋಡಿ, ಅದನ್ನು ತಿದ್ದಲು ನೇರಕ್ಕೆ ನಾಲ್ಕನೆಯದು. ಈ ತಿದ್ದುಪಡಿಗೆ ಕೊನೆಯೇ ಇಲ್ಲ. ಒಂದೇ ಒಂದು ಸಿಳ್ಳೆಯಿಂದ ಎಫ್‌ಎಂನಲ್ಲಿ ಲೆಕ್ಕವಿಲ್ಲದಷ್ಟು ಗೆರೆಗಳು ಏಳುವುದು ಹೀಗೆ. ಎರಡು ಸಿಳ್ಳೆ ಒಟ್ಟಿಗೆ ಕೊಟ್ಟರೆ ಎರಡರ ಗೆರೆಗಳೂ ಒಂದರೊಳಗೊಂದು ಕಲೆತು ಹೊಸ ಸಂತತಿಯೇ ಹುಟ್ಟುತ್ತದೆ. ಇಲ್ಲಿ ಕಛೇರಿಯ ರೋಹಿತ ಕಛೇರಿಯ ಹಾಗೆ ಉಳಿಯುವುದಿಲ್ಲ.

ಹಗ್ಗದ ಉದ್ದ ಬದಲಾಗದು ಎಂದರೆ ಒಟ್ಟು ಶಕ್ತಿಯೂ ಬದಲಾಗದು. ಎಎಂನಲ್ಲಿ ಪಕ್ಕದ ಗೆರೆಗಳಿಗೆ ಬೇರೆ ಖರ್ಚು. ಎಫ್‌ಎಂನಲ್ಲಿ ಅವು ವಾಹಕದ ಗಂಟಿನಿಂದಲೇ ಪಾಲು ಪಡೆಯುತ್ತವೆ. ಎಷ್ಟು ಪಡೆಯುತ್ತವೆಂದರೆ ವಾಹಕಕ್ಕೆ ಕೆಲವೊಮ್ಮೆ ಏನೂ ಉಳಿಯುವುದಿಲ್ಲ. ಜೋಕಾಲಿ ಒಂದೊಂದು ಕಡೆ 138 ಡಿಗ್ರಿಯಷ್ಟು ಏರಿತು ಎನ್ನಿ (ಅಮ್ಮಂದಿರು ಓಡಿ ಬರುತ್ತಾರೆ, ಹಲಗೆಯ ಮೇಲೆ ಅಡ್ಡಿಯಿಲ್ಲ). ಆಗ ಮಣೆ ಕೊಂಬೆಯ ಕೆಳಗಿದ್ದುದಕ್ಕೂ ಮೇಲಿದ್ದುದಕ್ಕೂ ಸರಾಸರಿ ತೆಗೆದರೆ ಸೊನ್ನೆ. ಆ ಸರಾಸರಿಯೇ ರೋಹಿತದ ನಡುಗೆರೆ. ಕೇಂದ್ರ ಪೂರ್ತಿ ಬಲದಲ್ಲಿ ಪ್ರಸಾರ ಮಾಡುತ್ತಿದೆ, ಆದರೆ ಅದರ ಹೆಸರಿನ ಆವೃತ್ತಿಯಲ್ಲಿ ಒಂದು ಚೂರೂ ಇಲ್ಲ.

ಈ ಗೆರೆಗಳ ಎತ್ತರವನ್ನು ಹೇಳುವ ಫಲನಗಳಿಗೆ ಬೆಸೆಲ್ ಫಲನಗಳೆಂದು ಹೆಸರು. ಫ್ರೀಡ್ರಿಕ್ ಬೆಸೆಲ್‌ಗೆ ರೇಡಿಯೊ ಗೊತ್ತಿರಲಿಲ್ಲ. 1846ರಲ್ಲೇ ತೀರಿಕೊಂಡ ಖಗೋಳಜ್ಞ ಆತ. 1820ರ ದಶಕದಲ್ಲಿ ಈ ಫಲನಗಳನ್ನು ಕ್ರಮವಾಗಿ ಅಭ್ಯಾಸ ಮಾಡಿದ್ದು ಗ್ರಹಗಳ ಚಲನೆಯ ಲೆಕ್ಕಕ್ಕಾಗಿ. ಗ್ರಹಕ್ಕೂ ಎಫ್‌ಎಂಗೂ ಏನು ನಂಟು? ಪಂಚಾಂಗ ಗಣಿತ ಬಲ್ಲವರು ಸಭೆಯಲ್ಲಿದ್ದರೆ ಈಗಾಗಲೇ ಮುಗುಳ್ನಗುತ್ತಿದ್ದಾರು. ನಮ್ಮ ಸಿದ್ಧಾಂತ ಗ್ರಂಥಗಳಲ್ಲಿ ಮಧ್ಯಮ ಸೂರ್ಯ ಒಂದೇ ವೇಗದಲ್ಲಿ ನಡೆಯುತ್ತಾನೆ. ಅವನಿಗೆ ಮಂದಫಲ ಎಂಬ ಜ್ಯಾ ಪ್ರಮಾಣದ ತಿದ್ದುಪಡಿ ಕೂಡಿಸಿ ಕಳೆದರೆ ಸ್ಫುಟ ಸೂರ್ಯ ಸಿಗುತ್ತಾನೆ, ಒಮ್ಮೆ ತುಸು ಮುಂದೆ, ಒಮ್ಮೆ ತುಸು ಹಿಂದೆ. ಮಧ್ಯಮ ಸೂರ್ಯನ ಜಾಗದಲ್ಲಿ ವಾಹಕವನ್ನೂ ಮಂದಫಲದ ಜಾಗದಲ್ಲಿ ಧ್ವನಿಯನ್ನೂ ಇಟ್ಟರೆ ಅದೇ ಸೂತ್ರ ಎಫ್‌ಎಂ ಆಗುತ್ತದೆ. ಬೆಸೆಲ್ ಬರೆದ ಅನುಕಲನ ಮತ್ತು ಕಾರ್ಸನ್‌ಗೆ ಬೇಕಾದ ಅನುಕಲನ ಒಂದೇ. ಇದನ್ನು ಹೇಳಿ ನಮ್ಮ ಹಿರಿಯರಿಗೆ ಎಫ್‌ಎಂ ಗೊತ್ತಿತ್ತು ಎಂದು ಎದೆ ತಟ್ಟಿಕೊಳ್ಳಬೇಡಿ, ದಯವಿಟ್ಟು. ಒಂದೇ ಗಣಿತ ಎರಡು ಮನೆಯ ಬಾಗಿಲು ತಟ್ಟಿದೆ, ಅಷ್ಟೇ. ಪ್ರಮಾಣದಲ್ಲಿ ಅಜಗಜಾಂತರವಿದೆ: ಸೂರ್ಯನ ಮಂದಫಲ ಹೆಚ್ಚೆಂದರೆ ಎರಡು ಡಿಗ್ರಿಯ ಆಸುಪಾಸು. ಎಫ್‌ಎಂ ಪ್ರಸಾರದಲ್ಲಿ 15 ಕಿಲೋಹರ್ಟ್ಸ್ ಧ್ವನಿಗೆ ವಾಹಕ ತೂಗುವುದು 286 ಡಿಗ್ರಿ.

ಆ 286 ಎಲ್ಲಿಂದ ಬಂತು? ಪ್ರಸಾರದಲ್ಲಿ ಆವೃತ್ತಿಯನ್ನು ಒಂದೊಂದು ಕಡೆ 75 ಕಿಲೋಹರ್ಟ್ಸ್ ತನಕ ಸರಿಸಬಹುದು (ಹೀಗೆ ಸರಿಯುವ ಅಳತೆಯೇ ಸರಿತ), ಧ್ವನಿ 15 ಕಿಲೋಹರ್ಟ್ಸ್ ತನಕ ಇರಬಹುದು. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಐದು. ಇದು ಮಾಡ್ಯುಲೇಷನ್ ಸೂಚ್ಯಂಕ, ರೇಡಿಯನ್ ಲೆಕ್ಕದಲ್ಲಿ ಜೋಕಾಲಿ ಏರುವ ಕೋನ. ಐದಕ್ಕೆ ಬೆಸೆಲ್ ಕೋಷ್ಟಕ ತೆರೆದರೆ ವಾಹಕದಲ್ಲಿ ಉಳಿಯುವುದು ಒಟ್ಟು ಶಕ್ತಿಯ ನೂರಕ್ಕೆ ಮೂರು ಪಾಲು. ಮೂರನೆಯ ಮತ್ತು ನಾಲ್ಕನೆಯ ಜೋಡಿಗಳೇ ನೂರಕ್ಕೆ 57 ನುಂಗಿರುತ್ತವೆ, ಅವು ನಿಂತಿರುವುದು ನಡುವಿನಿಂದ 45 ಮತ್ತು 60 ಕಿಲೋಹರ್ಟ್ಸ್ ದೂರದಲ್ಲಿ. ಆರನೆಯ ಜೋಡಿಯ ತನಕ ಸೇರಿಸಿಕೊಂಡರೆ ನೂರಕ್ಕೆ 99 ದಾಟುತ್ತದೆ. ಹಾಗಾಗಿ ಗೆರೆಗಳು ಅನಂತವಾದರೂ ಬೇಕಾದ ಅಗಲ ಅನಂತವಲ್ಲ. ಸರಿತವನ್ನೂ ಧ್ವನಿಯ ಆವೃತ್ತಿಯನ್ನೂ ಕೂಡಿ ಇಮ್ಮಡಿಸಿ: 75ಕ್ಕೆ 15 ಸೇರಿ 90, ಎರಡರಷ್ಟು 180 ಕಿಲೋಹರ್ಟ್ಸ್. ಇದಕ್ಕೆ ಕಾರ್ಸನ್ ನಿಯಮವೆಂದೇ ಹೆಸರು. ಒಂದು ಎಫ್‌ಎಂ ಕೇಂದ್ರ ಹಿಡಿಯುವ ಆ ಜಾಗದಲ್ಲಿ ಇಪ್ಪತ್ತು ಮಧ್ಯಮ ತರಂಗದ ಕೇಂದ್ರಗಳು ಸಂಸಾರ ಹೂಡಬಹುದು.

ಜಿಪುಣ ಕಾರ್ಸನ್‌ಗೆ ಎಫ್‌ಎಂ ದುಂದೆನಿಸಿತು. ಅಗಲ ಉಳಿಯುವುದಿಲ್ಲ ಎಂದು ತೋರಿಸಿದ್ದು ಸರಿಯೇ. ಆದ್ದರಿಂದ ಈ ಪದ್ಧತಿಯಿಂದ ಪ್ರಯೋಜನವೇ ಇಲ್ಲ ಎಂದು ತೀರ್ಪು ಕೊಟ್ಟದ್ದು ತಪ್ಪು. ಗಣಿತ ಎಲ್ಲಿ ಮುಗಿಯಿತು, ಅಭಿಪ್ರಾಯ ಎಲ್ಲಿ ಶುರುವಾಯಿತು ಎಂಬುದು ಓದಿದವರಿಗೆ ಕಾಣಿಸಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿ ಎಫ್‌ಎಂ ಮೂಲೆಗೆ ಬಿತ್ತು.

ಮೂಲೆಯಿಂದ ಎತ್ತಿದವರು ಎಡ್ವಿನ್ ಆರ್ಮ್‌ಸ್ಟ್ರಾಂಗ್. ಅಗಲ ಉಳಿಸುವ ಯೋಚನೆಯನ್ನೇ ಬಿಟ್ಟು, ಧಾರಾಳವಾಗಿ ಖರ್ಚು ಮಾಡಿದರೆ ಏನು ಸಿಕ್ಕೀತೆಂದು ಅವರು ನೋಡಿದರು. ಸಿಡಿಲು, ಮೋಟಾರಿನ ಕಿಡಿ ಇವೆಲ್ಲ ಜೋಕಾಲಿಯ ಹಗ್ಗವನ್ನು ಹಿಗ್ಗಿಸಿ ಕುಗ್ಗಿಸುತ್ತವೆ. ಎಎಂಗೆ ಅದೇ ಪ್ರಾಣಸಂಕಟ, ಏಕೆಂದರೆ ಅದರ ಸುದ್ದಿ ಇರುವುದೇ ಹಗ್ಗದ ಉದ್ದದಲ್ಲಿ. ಎಫ್‌ಎಂ ಗ್ರಾಹಕದಲ್ಲಿ ಆ ಏರಿಳಿತವನ್ನು ಕತ್ತರಿಸಿ ಬಿಸಾಡಬಹುದು. ಗದ್ದಲ ಅಡ್ಡಕ್ಕೂ ತುಸು ತಳ್ಳುತ್ತದೆ ನಿಜ, ಆದರೆ ಜೋಕಾಲಿಯೇ 286 ಡಿಗ್ರಿ ತೂಗುತ್ತಿರುವಾಗ ಗದ್ದಲ ತಳ್ಳುವ ಒಂದೆರಡು ಡಿಗ್ರಿಯನ್ನು ಲೆಕ್ಕಕ್ಕಿಡುವವರು ಯಾರು? ವಾಹಕದ ಬಲ ಎರಡಕ್ಕೂ ಒಂದೇ ಇದ್ದು, ಸಂಕೇತ ತೀರ ಕ್ಷೀಣವಾಗದಿದ್ದರೆ, ಸೂಚ್ಯಂಕದ ವರ್ಗದ ಮೂರರಷ್ಟು ಲಾಭ. ಐದರ ವರ್ಗ ಇಪ್ಪತ್ತೈದು, ಅದರ ಮೂರರಷ್ಟು ಎಪ್ಪತ್ತೈದು. ಗದ್ದಲದ ಎದುರು ಧ್ವನಿಯ ಬಲ ಎಎಂಗಿಂತ 75 ಪಟ್ಟು. ಅಗಲ ಕೊಟ್ಟು ನಿಶ್ಶಬ್ದ ಕೊಂಡ ವ್ಯಾಪಾರ ಇದು.

ಆರಂಭದ ಯಂತ್ರಗಳಲ್ಲಿ ಅವರು ನನ್ನನ್ನು ಪೇಚಿಗೆ ಸಿಲುಕಿಸಿದ ಆ ಮೂರು ಗೆರೆಗಳನ್ನೇ ಬಳಸಿಕೊಂಡದ್ದು ನನಗಂತೂ ಅಚ್ಚುಮೆಚ್ಚಿನ ಸಂಗತಿ. ಪಕ್ಕದ ಜೋಡಿಯನ್ನು ಎಎಂ ವಿಧಾನದಲ್ಲಿ ತಯಾರಿಸಿ, ವಾಹಕವನ್ನು ತೆಗೆದು, ತೊಂಬತ್ತು ಡಿಗ್ರಿ ತಿರುಗಿಸಿದ ವಾಹಕಕ್ಕೆ ಮತ್ತೆ ಸೇರಿಸಿದರು. ಸಣ್ಣ ತೂಗಾಟ ಹುಟ್ಟಿತು. ಆಮೇಲೆ ಆವೃತ್ತಿಯನ್ನು ಗುಣಿಸುತ್ತ ಗುಣಿಸುತ್ತ ದೊಡ್ಡ ತೂಗಾಟ ಮಾಡಿದರು.

1935ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ರೇಡಿಯೊ ಎಂಜಿನಿಯರುಗಳ ಸಭೆಯಲ್ಲಿ ಇದರ ಪ್ರದರ್ಶನ ನಡೆಯಿತು. ಯಾಂಕರ್ಸ್‌ನ ಮನೆಯೊಂದರಿಂದ ಪ್ರಸಾರ. ಲೋಟಕ್ಕೆ ನೀರು ಸುರಿದ ಸದ್ದು, ಕಾಗದ ಹರಿದ ಸದ್ದು ಪಕ್ಕದಲ್ಲೇ ಆದಂತೆ ಕೇಳಿಸಿತು. ಅದಕ್ಕೆ ಎರಡೇ ತಿಂಗಳ ಹಿಂದೆ, ಅದೇ ವರ್ಷದ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ 30 ವ್ಯಾಟಿನ ಪ್ರಸಾರ ಶುರು ಮಾಡಿದ್ದರು. ಅದು ಎಎಂ. ಎರಡಕ್ಕೂ ಸಂಬಂಧವಿಲ್ಲ. ಎರಡೂ ಮನೆಯಿಂದ ಹೊರಟ ದನಿಗಳು ಎಂಬುದಕ್ಕಾಗಿ ಹೇಳಿದೆ.

ಕಾರ್ಸನ್ ಹಟ ಹಿಡಿದು ಕೂರಲಿಲ್ಲ. 1937ರಲ್ಲಿ ಥಾರ್ನ್‌ಟನ್ ಫ್ರೈ ಜೊತೆ ಬರೆದ ಪ್ರಬಂಧದಲ್ಲಿ, ಎತ್ತರವನ್ನು ಕತ್ತರಿಸಿದರೆ ಗದ್ದಲ ತಗ್ಗುತ್ತದೆಂಬುದನ್ನು ತಮ್ಮದೇ ಗಣಿತದಲ್ಲಿ ಪಡೆದರು. ಆರ್ಮ್‌ಸ್ಟ್ರಾಂಗ್ ಕಥೆ ಅಷ್ಟು ಸೌಮ್ಯವಾಗಿಲ್ಲ. 1945ರಲ್ಲಿ ಅಮೆರಿಕ ಸರ್ಕಾರ ಎಫ್‌ಎಂ ಪಟ್ಟಿಯನ್ನು 88ರಿಂದ 108 ಮೆಗಾಹರ್ಟ್ಸಿಗೆ ಎತ್ತಿ ಹಾಕಿತು, ಹಳೆಯ ಸೆಟ್ಟುಗಳು ಮೂಲೆ ಸೇರಿದವು. ಪೇಟೆಂಟ್ ಮೊಕದ್ದಮೆಗಳಲ್ಲಿ ಬಸವಳಿದು 1954ರ ಜನವರಿಯಲ್ಲಿ ಅವರು ಪ್ರಾಣ ಕಳೆದುಕೊಂಡರು. ಪತ್ನಿ ಮೇರಿಯನ್ ಬಿಡಲಿಲ್ಲ, ಕೊನೆಯ ಮೊಕದ್ದಮೆಯನ್ನು ಗೆದ್ದದ್ದು 1967ರಲ್ಲಿ. ನಮ್ಮ ದೇಶದಲ್ಲಿ ಎಫ್‌ಎಂ ಮೊದಲು ಕೇಳಿಸಿದ್ದು 1977ರಲ್ಲಿ, ಮದ್ರಾಸಿನಲ್ಲಿ.

ಆ 1967ರಲ್ಲೇ ಸ್ಟ್ಯಾನ್‌ಫರ್ಡ್‌ನಲ್ಲಿ ಜಾನ್ ಚೌನಿಂಗ್ ಎಂಬ ಸಂಗೀತಗಾರ ಕಂಪ್ಯೂಟರಿನಲ್ಲಿ ಸ್ವರವೊಂದನ್ನು ಅಲುಗಿಸುತ್ತಿದ್ದರು. ನಮ್ಮ ಕಂಪಿತ ಗಮಕದ ಹಾಗೆ ಎನ್ನಿ. ನಿಧಾನವಾಗಿ ಅಲುಗಿಸಿದಾಗ ಕಿವಿಗೆ ಸ್ವರ ತೂಗುವುದೇ ಕೇಳುತ್ತದೆ, ಅದು ಆಯಾ ಕ್ಷಣದ ಆವೃತ್ತಿ. ವೇಗ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ತೂಗಾಟ ಮಾಯವಾಗಿ ಹೊಸ ನಾದ ಎದ್ದು ನಿಲ್ಲುತ್ತದೆ, ಒಮ್ಮೆ ಗಂಟೆಯಂತೆ, ಒಮ್ಮೆ ತುತ್ತೂರಿಯಂತೆ. ಈಗ ಕೇಳಿಸುತ್ತಿರುವುದು ರೋಹಿತದ ಗೆರೆಗಳು. ಹಿಂದಿನ ಬೆಂಚಿನ ಹುಡುಗನ ಆವೃತ್ತಿ ಹೋಗಿ ಕಾರ್ಸನ್‌ರ ಆವೃತ್ತಿ ಬಂದ ಗಳಿಗೆ ಅದು, ಕಿವಿಯಲ್ಲೇ ಹಿಡಿಯಬಹುದು. 1983ರಲ್ಲಿ ಬಂದ ಯಮಾಹಾ ಡಿಎಕ್ಸ್7 ಕೀಬೋರ್ಡು ಈ ಗಣಿತದ ಮೇಲೆಯೇ ನಿಂತದ್ದು.

ಹೊರಗಿನ ಮೇಜಿನ ಮೇಲೆ ಒಂದು ಸಿಗ್ನಲ್ ಜನರೇಟರ್, ಒಂದು ಸ್ಪೆಕ್ಟ್ರಮ್ ಅನಲೈಸರ್ ಇಟ್ಟು ಬಂದಿದ್ದೇನೆ. ಚಿತ್ರ ತೋರಿಸಬಾರದೆಂಬ ಕರಾರು ಸಭಾಂಗಣದ ಒಳಗೆ ಮಾತ್ರ ಎಂದು ಸಂಘಟಕರನ್ನು ಒಪ್ಪಿಸಿದ್ದಾಯಿತು. ಧ್ವನಿಯನ್ನು 13.59 ಕಿಲೋಹರ್ಟ್ಸಿಗೆ ಇಟ್ಟಿದೆ. ಸರಿತದ ಗುಂಡಿಯನ್ನು ಸೊನ್ನೆಯಿಂದ ಮೆಲ್ಲಗೆ ತಿರುಗಿಸಿ. ನಡುಗೆರೆ ಕುಗ್ಗುತ್ತ ಒಮ್ಮೆ ಮಾಯವಾಗುತ್ತದೆ, ಅಲ್ಲಿ ನಿಲ್ಲಿಸಬೇಡಿ. ಮತ್ತೆ ಬೆಳೆದು ಎರಡನೆಯ ಸಲ ಮಾಯವಾದಾಗ ಕೈ ತೆಗೆಯಿರಿ. ಸರಿತ ಆಗ 75 ಕಿಲೋಹರ್ಟ್ಸ್ ಇರುತ್ತದೆ. ಪ್ರಸಾರ ಯಂತ್ರಗಳ ಸರಿತವನ್ನು ತಾಳೆ ನೋಡಲು ಇಂದಿಗೂ ನಂಬುವ ವಿಧಾನ ಇದು. ಮಕ್ಕಳಿಗೆ ಮೊದಲು ಜಾಗ ಬಿಡಿ, ಕಾಫಿ ಆಮೇಲೆ ಕುಡಿಯೋಣ.